ಮಳೆಗೆ ಮುಂಚೆ ಮೂರು ತಿಂಗಳ ಎಚ್‌ಐವಿ ಮಾತ್ರೆ ಕೊಡಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಾನು ದಕ್ಷಿಣ ಕೊಡಗಿನ ಒಂದು ಕಾಫಿ ತೋಟದಲ್ಲಿ ರೈಟರ್. ಕೆಲಸದವರ ಹಾಜರಿ ಬರೆಯುವವನು. ತೋಟದ ಕೆಲಸದವರು ಇರುವ ಲೈನ್ ಮನೆಯ ಅಕ್ಕ ಒಬ್ಬರು ತಿಂಗಳಿಗೊಂದು ದಿನ ತಪ್ಪದೆ ರಜೆ ಹಾಕುತ್ತಿದ್ದರು. ಕಾರಣ ಕೇಳಿದರೆ ಸುಮ್ನೆ ನಿಲ್ಲುತ್ತಿದ್ದರು. ಒಂದು ಮಳೆಗಾಲ, ರಸ್ತೆಗೆ ಮರ ಬಿದ್ದು ಬಸ್ ನಿಂತ ದಿನ, ಅವರೇ ಬಂದು ಚೀಲದಿಂದ ಒಂದು ಬಿಳಿ ಡಬ್ಬಿ ತೆಗೆದರು. ಒಳಗೆ ಹತ್ತಿ ತುರುಕಿದ್ದರು. ಬಸ್ಸಿನಲ್ಲಿ ಮಾತ್ರೆ ಸದ್ದು ಮಾಡಬಾರದು, ಪಕ್ಕದವರು ಏನದು ಅಂತ ಕೇಳಬಾರದು, ಅದಕ್ಕೆ. ಹತ್ತಿಯ ಕೆಳಗೆ ಉಳಿದಿದ್ದು ಎರಡೇ ಮಾತ್ರೆ.

"ಒಂದು ದಿನವೂ ಬಿಡಬಾರದು ಅಂದಿದ್ದಾರೆ ಅಣ್ಣ. ಈಗ ಹೋಗೋದು ಹೇಗೆ?" ಅಂದರು.

ಅವರಿಗೆ ಎಚ್‌ಐವಿ ಇದೆ. ಅವರನ್ನು ಕೇಳಿಯೇ ಇಷ್ಟು ಬರೆಯುತ್ತಿದ್ದೇನೆ. ಹೆಸರು, ತೋಟ ಬೇಡ.

ಸ್ವಾಮಿ, ಔಷಧಿಗೆ ಕೊರತೆ ಅಂತ ನಾನು ಹೇಳುತ್ತಿಲ್ಲ. 2004ರ ಏಪ್ರಿಲ್ 1ರಂದು ದೇಶದಲ್ಲಿ ಎಚ್‌ಐವಿ ಹತ್ತಿಕ್ಕುವ ಉಚಿತ ಎಆರ್‌ಟಿ ಚಿಕಿತ್ಸೆ ಶುರುವಾದಾಗ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. 2017ರಿಂದ ಸೋಂಕು ಗೊತ್ತಾದ ಎಲ್ಲರಿಗೂ ಸಿಡಿ4 (ರೋಗದ ವಿರುದ್ಧ ಹೋರಾಡುವ ರಕ್ತಕಣ) ಎಷ್ಟೇ ಇರಲಿ ಚಿಕಿತ್ಸೆ ಕೊಡುತ್ತಾರೆ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ, ಮೂರು ಔಷಧಿ ಅದರಲ್ಲೇ ಸೇರಿರುತ್ತವೆ. ಬಿಡದೆ ನುಂಗಿದರೆ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಮ್ಮಿಯಾಗುತ್ತದೆ. ಆಮೇಲೆ ಗಂಡ ಹೆಂಡತಿ ಸೇರಿದರೂ ಸೋಂಕು ಹರಡಲ್ಲ. ಆದರೆ ಆಗಾಗ ತಪ್ಪಿಸಿದರೆ ವೈರಸ್ ಔಷಧಿಗೆ ಬಗ್ಗದ ಹಾಗೆ ಆಗಬಹುದು.

ಮಾತ್ರೆಗಾಗಿ ಜಿಲ್ಲೆಯ ದಕ್ಷಿಣ ತುದಿಯ ಕುಟ್ಟದಿಂದ ಮಡಿಕೇರಿಗೆ ಬರುವವರ ದಾರಿ ನೋಡಿ. ಶ್ರೀಮಂಗಲ, ಗೋಣಿಕೊಪ್ಪ, ವಿರಾಜಪೇಟೆ ದಾಟಬೇಕು. ನಮ್ಮ ಜಿಲ್ಲೆಗೆ ರೈಲಿಲ್ಲ. ಹೋಗಿ ಬರುವಷ್ಟರಲ್ಲಿ ಒಂದು ದಿನ ಮುಗಿಯುತ್ತದೆ. ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಸಂತೋಷ. ಆದರೆ ಹೋದ ದಿನಗೂಲಿ ಯಾರು ಕೊಡುತ್ತಾರೆ? ಜುಲೈ-ಆಗಸ್ಟ್‌ನ ಕಕ್ಕಡದ ಮಳೆಯಲ್ಲಂತೂ ಬಸ್ಸನ್ನೇ ನಂಬುವಂತಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ ರಸ್ತೆಗಳೇ ಮುಚ್ಚಿಹೋಗಿದ್ದವು, ನಿಮಗೂ ನೆನಪಿರುತ್ತದೆ ಅಲ್ವಾ?

ಚಿಕಿತ್ಸೆಗೆ ಚೆನ್ನಾಗಿ ಹೊಂದಿಕೊಂಡವರಿಗೆ ಮಳೆಗೆ ಮುಂಚೆಯೇ ಮೂರು ತಿಂಗಳ ಮಾತ್ರೆ ಒಟ್ಟಿಗೆ ಸಿಗಲೇಬೇಕು. ಅಂಥವರಿಗೆ ಆರು ತಿಂಗಳದ್ದೂ ಕೊಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಕೋವಿಡ್ ಲಾಕ್‌ಡೌನ್ ಕಾಲದಲ್ಲಿ ನಮ್ಮ ದೇಶದಲ್ಲೂ ಹೀಗೆ ಒಟ್ಟಿಗೆ ಕೊಟ್ಟಿದ್ದರು. ನಮಗಿಂತ ಬಡ ದೇಶ ಮೊಜಾಂಬಿಕ್. ಅಲ್ಲಿನ ಟೆಟೆ ಪ್ರಾಂತ್ಯದಲ್ಲಿ 2008ರಿಂದ ಐದಾರು ಜನ ಗುಂಪು ಕಟ್ಟಿಕೊಂಡು, ಸರದಿಯ ಮೇಲೆ ಒಬ್ಬರು ಹೋಗಿ ಎಲ್ಲರ ಮಾತ್ರೆ ತರುತ್ತಿದ್ದರು.

ಮಾತ್ರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸಿಗಬೇಕು. ಇಲ್ಲೊಂದು ಮಾತು. ಊರಿನ ಆಸ್ಪತ್ರೆಯಲ್ಲಿ ಎಲ್ಲರೂ ಗುರುತಿನವರು. ನಮ್ಮ ಅಕ್ಕನಿಗೇ ಅಲ್ಲಿ ಸಾಲಿನಲ್ಲಿ ನಿಲ್ಲಲು ಭಯ. ಹಾಗಾಗಿ ಹತ್ತಿರವೋ ದೂರವೋ, ಆಯ್ಕೆ ಅವರದ್ದೇ ಇರಲಿ. ಗುಟ್ಟು ಕಾಯಬೇಕು ಅಂತ 2017ರ ಎಚ್‌ಐವಿ ಕಾಯ್ದೆ ಹೇಳುತ್ತದೆ. ಅದನ್ನು ಅಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಕೂರಿಸಿ ತಿಳಿಸಿ. ಮಾತ್ರೆಯನ್ನು ಬೇರೆ ಕೌಂಟರಿನಲ್ಲಿ ಕೊಡಬೇಡಿ. ಬಿಪಿ, ಶುಗರ್ ಮಾತ್ರೆ ಕೊಡುವ ಕಡೆಯೇ ಕೊಡಿ.

ಕಾಫಿ ಕೊಯ್ಲಿಗೆ ಅಸ್ಸಾಂನಿಂದಲೂ ಜನ ಬರುತ್ತಾರೆ. ಅಂಥವರು ಚಿಕಿತ್ಸೆಯ ಪುಸ್ತಕ ತೋರಿಸಿದರೆ ಇಲ್ಲೇ ಮಾತ್ರೆ ಸಿಗಲಿ. ಊರಿಗೆ ಹೋಗಿ ಅನ್ನಬಾರದು.

ಅವತ್ತು ತೋಟದ ಜೀಪಿತ್ತು. ಮಾರನೇ ದಿನ ಬಳಸು ದಾರಿಯಲ್ಲಿ ಅಕ್ಕನನ್ನು ಕರೆದುಕೊಂಡು ಹೋದೆವು. ಜೀಪಿಲ್ಲದ ಆದಿವಾಸಿ ಹಾಡಿಗಳು, ಲೈನ್ ಮನೆಗಳು ಎಷ್ಟೋ ಇವೆ. ದಯವಿಟ್ಟು ಮೇ ತಿಂಗಳು ಮುಗಿಯುವುದರೊಳಗೆ ಆದೇಶ ಮಾಡಿ.

ಇತಿ,
ಕೊಡಗಿನ ಒಬ್ಬ ತೋಟದ ರೈಟರ್