ಸರಾಯೇವೊದಿಂದ ಹೈಫಾವರೆಗೆ: ಮಹಾಯುದ್ಧದ ಬಗ್ಗೆ ಬರೆಯುತ್ತಿರುವವರಿಗೊಂದು ಪತ್ರ

ಪ್ರಿಯರೇ,

ಮೊದಲನೆಯ ಮಹಾಯುದ್ಧದ ಕುರಿತು ನೀವು ಬರೆಯುತ್ತಿರುವ ಪುಸ್ತಕದ ಅಧ್ಯಾಯಗಳನ್ನು ಓದಿದೆ. ಭಾಷೆಯ ಬಗ್ಗೆ ನನ್ನ ತಕರಾರಿಲ್ಲ. ಇರುವುದು ನೀವು ಕಾರಣಗಳನ್ನು ಜೋಡಿಸಿರುವ ರೀತಿಯ ಬಗ್ಗೆ. 1914ರ ಜೂನ್ 28ರಂದು ಬೋಸ್ನಿಯಾದ ಸರಾಯೇವೊದಲ್ಲಿ ಸರ್ಬ್ ಯುವಕ ಗಾವ್ರಿಲೊ ಪ್ರಿನ್ಸಿಪ್ ಹಾರಿಸಿದ ಗುಂಡಿಗೆ ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನೆಂಡ್ ಮತ್ತು ಆತನ ಪತ್ನಿ ಸೋಫಿ ಬಲಿಯಾದರು, ಬಣವೆಗೆ ಕಿಡಿ ಬಿದ್ದಂತೆ ಯುರೋಪ್ ಹೊತ್ತಿಕೊಂಡಿತು ಎಂದು ಬರೆದಿದ್ದೀರಿ. ಬಣವೆ ಹೊತ್ತಿಕೊಳ್ಳಲು ಯಾರೂ ಸಭೆ ಸೇರಬೇಕಿಲ್ಲ. ಆದರೆ ಆ ಕೊಲೆಗೂ ಆಗಸ್ಟ್ 4ರಂದು ಬ್ರಿಟನ್ ಯುದ್ಧಕ್ಕಿಳಿದುದಕ್ಕೂ ನಡುವೆ 37 ದಿನಗಳಿದ್ದವು. ಆ ದಿನಗಳನ್ನು ನೀವು ಅರ್ಧ ಪುಟದಲ್ಲಿ ದಾಟಿದ್ದೀರಿ. ನನ್ನ ದೃಷ್ಟಿಯಲ್ಲಿ ಪುಸ್ತಕದ ತಿರುಳಿರುವುದೇ ಅಲ್ಲಿ.

ಜುಲೈ 5 ಮತ್ತು 6ರಂದು ಜರ್ಮನಿಯ ಚಕ್ರವರ್ತಿ ವಿಲ್‌ಹೆಲ್ಮ್ ಮತ್ತು ಚಾನ್ಸೆಲರ್ ಬೆಟ್‌ಮನ್ ಹೋಲ್ವೆಗ್ ಆಸ್ಟ್ರಿಯಾಕ್ಕೆ ಯಾವ ಷರತ್ತೂ ಇಲ್ಲದ ಬೆಂಬಲದ ಮಾತು ಕೊಟ್ಟರು. 23ರಂದು ಆಸ್ಟ್ರಿಯಾ, ಕೊಲೆಗೆ ಸರ್ಬಿಯಾವನ್ನೇ ಹೊಣೆಯಾಗಿಸಿ, 48 ಗಂಟೆಗಳ ಗಡುವಿಟ್ಟು ಸರ್ಬಿಯಾಕ್ಕೆ ಅಂತಿಮ ಎಚ್ಚರಿಕೆ ಕಳುಹಿಸಿತು. ಸರ್ಬಿಯಾ ಬಹುತೇಕ ಬೇಡಿಕೆಗಳಿಗೆ ತಲೆಬಾಗಿ, ತನ್ನ ನೆಲದ ನ್ಯಾಯಾಂಗ ತನಿಖೆಯಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ಭಾಗಿಯಾಗುವುದನ್ನು ಮಾತ್ರ ಒಪ್ಪಲಿಲ್ಲ. 28ರಂದು ಆ ಉತ್ತರವನ್ನು ಓದಿದ ವಿಲ್‌ಹೆಲ್ಮ್, ಇನ್ನು ಯುದ್ಧಕ್ಕೆ ಕಾರಣವೇ ಉಳಿದಿಲ್ಲವೆಂದು ತನ್ನ ಕೈಯಾರೆ ಟಿಪ್ಪಣಿ ಬರೆದ. ಅದೇ ದಿನ ಆಸ್ಟ್ರಿಯಾ ಯುದ್ಧ ಘೋಷಿಸಿತು. ಸರ್ಬಿಯಾದ ಬೆನ್ನಿಗೆ ನಿಂತ ರಷ್ಯಾ ತನ್ನ ಸೇನೆಯನ್ನು ಪೂರ್ತಿ ಸಜ್ಜುಗೊಳಿಸುವ ಮೊದಲೇ ಬೆಲ್ಜಿಯಂ ಮೂಲಕ ನುಗ್ಗಿ ರಷ್ಯಾದ ಮಿತ್ರ ಫ್ರಾನ್ಸನ್ನು ಸೋಲಿಸಬೇಕೆಂಬುದು ಜರ್ಮನಿಯ ಯೋಜನೆಯಾಗಿದ್ದರಿಂದ, ಸರ್ಬಿಯಾದ ಹೆಸರಿನಲ್ಲಿ ಹುಟ್ಟಿದ ಜಗಳಕ್ಕೆ ಬೆಲ್ಜಿಯಂನ ಊರುಗಳು ಗುರಿಯಾದವು. ಆಗಸ್ಟ್ 1ರಂದು ಚಕ್ರವರ್ತಿಯೇ ಸೇನೆಯನ್ನು ಪೂರ್ವಕ್ಕೆ ತಿರುಗಿಸಲು ಹೇಳಿದಾಗ, ದಂಡನಾಯಕ ಮೋಲ್ಟ್‌ಕೆ ಅದು ಸಾಧ್ಯವಿಲ್ಲವೆಂದುಬಿಟ್ಟ. ಇಂಥ ಗಳಿಗೆಗಳನ್ನು ನಿಧಾನವಾಗಿ ಬರೆಯಿರಿ.

ಮೈತ್ರಿಕೂಟಗಳು, ನೌಕಾಪಡೆಯ ಪೈಪೋಟಿ, 1908ರಲ್ಲಿ ಆಸ್ಟ್ರಿಯಾ ಬೋಸ್ನಿಯಾವನ್ನು ನುಂಗಿದ್ದು ಎಲ್ಲವೂ ಬೇಕು, ಆದರೆ ಅವುಗಳನ್ನು ವಿಧಿಯಂತೆ ತೋರಿಸಬೇಡಿ. ಅವೇ ಮೈತ್ರಿಗಳು 1912-13ರ ಬಾಲ್ಕನ್ ಯುದ್ಧಗಳ ಕಾಲದಲ್ಲೂ ಇದ್ದವು, ಆಗ ಯುರೋಪ್ ಹೊತ್ತಿ ಉರಿಯಲಿಲ್ಲ. ಜರ್ಮನಿಯ ಮಿತ್ರನಾಗಿದ್ದ ಇಟಲಿಯಂತೂ 1914ರಲ್ಲಿ ತಟಸ್ಥವಾಗಿ ಉಳಿದು, ಮರುವರ್ಷ ಎದುರು ಪಾಳೆಯಕ್ಕೆ ಸೇರಿತು.

ಪರಿಣಾಮಗಳ ಅಧ್ಯಾಯದಲ್ಲಿಯೂ ಇದೇ ಅವಸರ ಕಾಣುತ್ತದೆ. 1919ರ ವರ್ಸೇಲ್ಸ್ ಒಪ್ಪಂದದಿಂದ ಹಿಟ್ಲರನವರೆಗೆ ನೇರ ಗೆರೆ ಎಳೆದಿದ್ದೀರಿ. ಯುದ್ಧದ ನಷ್ಟಕ್ಕೆ ಜರ್ಮನಿಯನ್ನು ಹೊಣೆಯಾಗಿಸಿದ ಒಪ್ಪಂದದ 231ನೆಯ ವಿಧಿ ಜರ್ಮನರನ್ನು ಕೆರಳಿಸಿದ್ದು ನಿಜ, 1921ರಲ್ಲಿ ಹೊರಿಸಿದ 132 ಶತಕೋಟಿ ಚಿನ್ನದ ಮಾರ್ಕ್‌ಗಳ ಪರಿಹಾರವೂ ನಿಜ. ಆದರೂ 1928ರ ಚುನಾವಣೆಯಲ್ಲಿ ನಾಜಿಗಳಿಗೆ ಬಂದದ್ದು ಶೇ. 2.6 ಮತ ಮಾತ್ರ. ಆರ್ಥಿಕ ಕುಸಿತದ ನಂತರ, 1932ರ ಜುಲೈನಲ್ಲಿ, ಅದು ಶೇ. 37.3ಕ್ಕೆ ಏರಿತು. ಈ ಎರಡು ಅಂಕಿಗಳ ನಡುವೆ ಏನಾಯಿತೆಂದು ಹೇಳದೆ ವರ್ಸೇಲ್ಸನ್ನು ದೂರುವುದು ಸುಲಭದ ದಾರಿ.

ಇನ್ನು ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಅಶ್ವದಳದೊಂದಿಗೆ ಅವರು ಆಗ ತುರ್ಕರ ಕೈಯಲ್ಲಿದ್ದ ಪ್ಯಾಲೆಸ್ಟೈನಿನ ಹೈಫಾವನ್ನು ಗೆದ್ದ ಕಥೆಯನ್ನು ಅಭಿಮಾನದಿಂದಲೇ ಬರೆದಿದ್ದೀರಿ, ಅದು ಸಹಜ. ಆದರೆ ಅವರು ಏರಿದ ಕಾರ್ಮೆಲ್ ಬೆಟ್ಟದ ಮೇಲೆ ಆಸ್ಟ್ರಿಯಾದ ಫಿರಂಗಿಗಳು ಏಕಿದ್ದವು, ಮೈಸೂರಿನ ಸವಾರರು ಅವುಗಳಿಗೆ ಎದೆಯೊಡ್ಡುವಂತೆ ಮಾಡಿದ ನಿರ್ಧಾರಗಳು ಯಾರವು ಎಂಬುದನ್ನೂ ಕೇಳಬೇಕಲ್ಲವೇ? ಭಾರತೀಯರನ್ನು ಯಾರೂ ಕೇಳದೆಯೇ ಭಾರತ ಯುದ್ಧದೊಳಕ್ಕೆ ಬಿದ್ದಿತ್ತು. ಹೈಫಾ ಬಂದರು ಬ್ರಿಟನ್ನಿಗೆ ಸೇರಬೇಕೆಂದು ಬ್ರಿಟನ್-ಫ್ರಾನ್ಸ್‌ಗಳ ನಡುವಿನ 1916ರ ಸೈಕ್ಸ್-ಪಿಕೊ ಗುಪ್ತ ಒಪ್ಪಂದದಲ್ಲಿ ಆಗಲೇ ತೀರ್ಮಾನವಾಗಿತ್ತು. 1917ರ ನವೆಂಬರ್ 2ರ ಬ್ರಿಟನ್ನಿನ ಬಾಲ್ಫರ್ ಘೋಷಣೆ ಪ್ಯಾಲೆಸ್ಟೈನಿನಲ್ಲಿ ಯಹೂದಿಗಳಿಗೆ ರಾಷ್ಟ್ರೀಯ ನೆಲೆಯೊಂದಕ್ಕೆ ಬೆಂಬಲದ ಭರವಸೆ ಕೊಟ್ಟಿತ್ತು. ಇತ್ತ ಭಾರತಕ್ಕೆ ಸಿಕ್ಕಿದ್ದು, ಯುದ್ಧಕಾಲದ ದಮನದ ಅಧಿಕಾರಗಳನ್ನು ಶಾಂತಿಕಾಲಕ್ಕೂ ವಿಸ್ತರಿಸಿದ 1919ರ ರೌಲಟ್ ಕಾಯ್ದೆ, ಅದರ ಬೆನ್ನಿಗೇ ಏಪ್ರಿಲ್ 13ರ ಜಲಿಯನ್‌ವಾಲಾ ಬಾಗ್.

ಆದ್ದರಿಂದ ಮೈಸೂರಿನ ಭಾಗವನ್ನು ಅನುಬಂಧದಿಂದ ತೆಗೆದು ಪರಿಣಾಮಗಳ ಅಧ್ಯಾಯದೊಳಕ್ಕೆ ತನ್ನಿ. ಜುಲೈ ತಿಂಗಳಿಗೆ ಕಡಿಮೆಯೆಂದರೂ ನಲವತ್ತು ಪುಟ ಕೊಡಿ. ಪ್ರಕಾಶಕರು ಗೊಣಗಿದರೆ ಟ್ಯಾಂಕ್, ವಿಷಾನಿಲಗಳ ವರ್ಣನೆಯನ್ನು ಕತ್ತರಿಸಿ. ತಿದ್ದಿದ ಮೇಲೆ ಜುಲೈ ಅಧ್ಯಾಯವನ್ನೇ ಮೊದಲು ಕಳುಹಿಸಿಕೊಡಿ.

ಇಂತಿ,
ನಿಮ್ಮ ಹಿತೈಷಿ