ಹೆಲಿಕಾಪ್ಟರಿಗೂ ಮೊದಲು ಬೇಕಾದ ಏಳು ಅಂಕಿ

ಮಾನ್ಯ ಸಂಪಾದಕರೇ,

ಶಿವಮೊಗ್ಗದ ಸೋಗಾನೆ ವಿಮಾನನಿಲ್ದಾಣದಲ್ಲಿ 2023ರಲ್ಲಿ 3.2 ಕಿ.ಮೀ. ಉದ್ದದ ರನ್‌ವೇ ಬಂದ ಮೇಲೆ ಮಲೆನಾಡಿಗೂ ಏರ್ ಆಂಬ್ಯುಲೆನ್ಸ್ ಬೇಕೆಂಬ ಮಾತು ಆಗಾಗ ಏಳುತ್ತದೆ. ಬರಲಿ, ಬೇಡವೆನ್ನುವವರು ಯಾರು? ಆದರೆ ಯಾರನ್ನು ಹಾರಿಸಬೇಕು, ಯಾರು ದಾರಿಯಲ್ಲೇ ಕುಸಿಯುತ್ತಾರೆ ಎಂದು ಮುಂಚಿತವಾಗಿ ಗುರುತಿಸುವ ಕೆಲಸ ರೋಗಿಯನ್ನು ದೊಡ್ಡಾಸ್ಪತ್ರೆಗೆ ಕಳಿಸುವಾಗ ತಾಲ್ಲೂಕು ಆಸ್ಪತ್ರೆ ಬರೆಯುವ ರೆಫರಲ್ ಚೀಟಿಯಲ್ಲೇ ಶುರುವಾಗಬೇಕು. ಆ ಚೀಟಿಯಲ್ಲಿ ಬಹಳ ಸಲ ಇರುವುದು ‘ವೈಟಲ್ಸ್ ಸ್ಟೇಬಲ್’ (ನಾಡಿ, ಬಿಪಿ, ಉಸಿರು ಸ್ಥಿರ) ಎಂಬ ಎರಡೇ ಪದ.

ಒಂದು ಲೆಕ್ಕ ಮಾಡಿ ನೋಡೋಣ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಹತ್ತಿದ ಕೊನೆಗೌಡ (ಅಡಿಕೆ ಮರ ಹತ್ತುವ ಕೆಲಸದವ), ಪಾಚಿಗಟ್ಟಿದ ಅಡಿಕೆ ಮರದಿಂದ ಜಾರಿ ಬಿದ್ದಿದ್ದಾನೆ ಎಂದಿಟ್ಟುಕೊಳ್ಳಿ. ವಯಸ್ಸು 30. ಉಸಿರು ನಿಮಿಷಕ್ಕೆ 24, ರಕ್ತದ ಆಮ್ಲಜನಕ ಶೇ 95, ನಾಡಿ 118, ಮೇಲಿನ ಬಿಪಿ 104, ಮೈಬಿಸಿ 35.8 ಡಿಗ್ರಿ ಸೆಲ್ಸಿಯಸ್. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತಾನೆ. ಆಮ್ಲಜನಕ ಇನ್ನೂ ಹಾಕಿಲ್ಲ. ಅರಿವು, ಆಮ್ಲಜನಕ ಹಾಕಿದ್ದು ಸೇರಿ ಇವೇ ಆ ಏಳು ಅಂಕಿ. ಒಂದೊಂದಾಗಿ ನೋಡಿದರೆ ಯಾವ ಅಂಕಿಯೂ ಹೆದರಿಸುವುದಿಲ್ಲ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್ 2012ರಲ್ಲಿ ರೂಪಿಸಿ 2017ರಲ್ಲಿ ತಿದ್ದಿದ ‘ನ್ಯೂಸ್-2’ ಎಂಬ, ರೋಗಿ ಕೆಡುವುದನ್ನು ಮುಂಚೆಯೇ ಸೂಚಿಸುವ ಅಂಕಗಳ ಕೋಷ್ಟಕಕ್ಕೆ ಇವನ್ನು ಹಾಕಿದರೆ ಉಸಿರಿಗೆ 2, ಆಮ್ಲಜನಕದ ಮಟ್ಟಕ್ಕೆ 1, ಬಿಪಿಗೆ 1, ನಾಡಿಗೆ 2, ಮೈಬಿಸಿಗೆ 1, ಉಳಿದೆರಡಕ್ಕೆ ಸೊನ್ನೆ, ಒಟ್ಟು 7. ಆ ಕೋಷ್ಟಕದಲ್ಲಿ 5 ಎಂದರೆ ವೈದ್ಯರು ತಡಮಾಡದೆ ನೋಡಬೇಕು, 7 ಎಂದರೆ ತೀವ್ರ ನಿಗಾ ತಂಡವೇ ಬರಬೇಕು. ಇನ್ನೂ ಸುಲಭದ್ದು ಶಾಕ್ ಇಂಡೆಕ್ಸ್: ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸುವುದು. 118 ಭಾಗಿಸು 104, ಅಂದರೆ 1.13. ಆರೋಗ್ಯವಂತರಲ್ಲಿ ಇದು 0.5ರಿಂದ 0.7ರ ಆಸುಪಾಸು. 0.9 ದಾಟಿತೆಂದರೆ ಒಳಗೆಲ್ಲೋ ರಕ್ತ ಸೋರುತ್ತಿದೆಯೇ ಎಂದು ಹುಡುಕಲೇಬೇಕು. ಹರೆಯದ ದೇಹ ರಕ್ತನಾಳಗಳನ್ನು ಬಿಗಿದುಕೊಂಡು, ಹೆಚ್ಚುಕಡಿಮೆ ಶೇ 30ರಷ್ಟು ರಕ್ತ ಹೋಗುವ ತನಕ ಬಿಪಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಬಿದ್ದರೆ ಒಮ್ಮೆಲೇ ಬೀಳುತ್ತದೆ. ಅಷ್ಟೊತ್ತಿಗೆ ಆಂಬ್ಯುಲೆನ್ಸ್ ಘಾಟಿಯ ತಿರುವಿನಲ್ಲಿರುತ್ತದೆ.

ಈ ಅಂಕಿಗಳು ಕೆಡುವುದು ಅಳೆಯುವಾಗಲೇ. ಉಸಿರನ್ನು ಎಣಿಸುವವರು ಕಡಿಮೆ, ಅಂದಾಜಿನಲ್ಲಿ 20 ಎಂದು ಬರೆಯುವವರೇ ಹೆಚ್ಚು. ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಬೇಕು, ಏಕೆಂದರೆ ಕೆಡುವ ಮುನ್ನ ಮೊದಲು ಏರುವ ಅಂಕಿ ಅನೇಕರಲ್ಲಿ ಅದೇ. ಜಡಿಮಳೆಯಲ್ಲಿ ನೆನೆದು ತಣ್ಣಗಾದ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದರೆ ಸುಳ್ಳು ಅಂಕಿ ಬರುತ್ತದೆ. ಕೈ ಬೆಚ್ಚಗೆ ಮಾಡಿ, ಇಲ್ಲವೇ ಕಿವಿಯ ಹಾಲೆಗೆ ಹಾಕುವ ಕ್ಲಿಪ್ ಬಳಸಿ. ನಾಡಿ ತಗ್ಗಿಸುವ ಮದ್ದುಗಳಾದ ಅಟೆನೊಲಾಲ್, ಮೆಟೊಪ್ರೊಲಾಲ್ ನುಂಗುವ ಹಿರಿಯರ ನಾಡಿ ಎಷ್ಟೇ ರಕ್ತ ಹೋದರೂ ಏರದೇ ಇರಬಹುದು. 16 ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿಯರಿಗೂ ನ್ಯೂಸ್-2 ಸಲ್ಲದು.

ಚಿಕಿತ್ಸೆಯೂ ಅಂಕಿಯನ್ನು ಮರೆಮಾಚುತ್ತದೆ. ಅದೇ ಕೊನೆಗೌಡನಿಗೆ ಆಮ್ಲಜನಕ ಹಾಕಿ ಮಟ್ಟ 98ಕ್ಕೂ ಉಸಿರು 20ಕ್ಕೂ ಬಂದರೆ, ಆಮ್ಲಜನಕ ಹಾಕಿದ್ದಕ್ಕೆ 2 ಸೇರಿಸಿದ ಮೇಲೂ ಒಟ್ಟು 6ಕ್ಕೆ ಇಳಿಯುತ್ತದೆ. ಹೊಟ್ಟೆಯೊಳಗಿನ ರಕ್ತಸ್ರಾವ ಮಾತ್ರ ಇದ್ದಲ್ಲೇ ಇದೆ. ಗಂಟಲಿಗೆ ನಳಿಕೆ ಇಳಿಸಿ ವೆಂಟಿಲೇಟರಿಗೆ ಹಾಕಿದವರ ಉಸಿರಿನ ಎಣಿಕೆ ಯಂತ್ರದ್ದು, ಅರಿವಿನ ಮಟ್ಟ ಮದ್ದಿನದ್ದು. ಹಾಗಾಗಿ ಚಿಕಿತ್ಸೆಗೆ ಮುಂಚಿನ ಅಂಕಿಯನ್ನು ಗಂಟೆ, ನಿಮಿಷದೊಂದಿಗೆ ಬರೆದು, 15 ನಿಮಿಷದ ಮೇಲೆ ಮತ್ತೊಮ್ಮೆ ಬರೆಯಬೇಕು. ಎರಡು ಸಾಲಿನ ನಡುವಿನ ವ್ಯತ್ಯಾಸ ಒಂದೇ ಸಾಲಿಗಿಂತ ಹೆಚ್ಚು ಹೇಳುತ್ತದೆ.

ಅಂಕಿಗಳಿಗೆ ಕಾಣದ ರೋಗಗಳೂ ನಮ್ಮಲ್ಲಿವೆ. ಕಟ್ಟಿಗೆ ಹಾವು (ಕ್ರೇಟ್) ಕಚ್ಚಿದವರು ಮೊದಲ ಗಂಟೆಯಲ್ಲಿ ಸೊನ್ನೆ ಅಂಕ ಪಡೆದು, ಬೆಳಗಾಗುವುದರೊಳಗೆ ಉಸಿರಾಡಲಾರದೆ ಹೋಗಬಹುದು. ಅವರ ರೆಪ್ಪೆ ಜೋತಿದೆಯೇ, ಮಲಗಿದಲ್ಲಿಂದ ತಲೆ ಎತ್ತಬಲ್ಲರೇ, ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾರೆ ಎಂದು ನೋಡಬೇಕು. ಎಣಿಕೆ ಸಲಸಲಕ್ಕೆ ಇಳಿಯುತ್ತಿದ್ದರೆ ಹೊರಡುವ ಮುನ್ನವೇ ಗಂಟಲ ನಳಿಕೆಯ ಸಿದ್ಧತೆ ಬೇಕು. ಕೊಳಕುಮಂಡಲಕ್ಕೆ 20 ನಿಮಿಷದ ಪರೀಕ್ಷೆ: ಒಣಗಿದ ಹೊಸ ಗಾಜಿನ ನಳಿಕೆಯಲ್ಲಿ 2 ಮಿ.ಲೀ. ರಕ್ತ ಇಟ್ಟು, ಅಲುಗಿಸದೆ ಬಿಟ್ಟು, ಆಮೇಲೆ ಬಗ್ಗಿಸಿ ಹೆಪ್ಪುಗಟ್ಟಿದೆಯೇ ಎಂದು ನೋಡುವುದು; ಗಟ್ಟದಿದ್ದರೆ ವಿಷ ಏರಿದೆ ಎಂದರ್ಥ. ಪ್ಲಾಸ್ಟಿಕ್ ನಳಿಕೆಯಾದರೆ, ಸೋಪಿನಲ್ಲಿ ತೊಳೆದ ಗಾಜಾದರೆ, ಸರಿಯಾಗಿರುವ ರಕ್ತವೂ ಹೆಪ್ಪುಗಟ್ಟದೆ ದಾರಿ ತಪ್ಪಿಸುತ್ತದೆ. ಆರ್ಗನೋಫಾಸ್ಫೇಟ್ ಕೀಟನಾಶಕ ಕುಡಿದವರಲ್ಲಿ ಅದಕ್ಕೆ ಕೊಡುವ ಮದ್ದು ಅಟ್ರೊಪಿನ್ ಕೊಟ್ಟೊಡನೆ ನಾಡಿ ಏರಿ ಲೆಕ್ಕವೆಲ್ಲ ಅಡಿಮೇಲಾಗುತ್ತದೆ; ಚೇತರಿಸಿಕೊಂಡರು ಅನ್ನಿಸಿದವರ ಕತ್ತಿನ, ಉಸಿರಿನ ಸ್ನಾಯುಗಳು 24ರಿಂದ 96 ಗಂಟೆಯೊಳಗೆ ಸೋಲುವುದುಂಟು.

ಇನ್ನು ಹಾರಾಟ. ಒತ್ತಡ ಕಾಪಾಡಿದ ವಿಮಾನದೊಳಗೂ 6,000ರಿಂದ 8,000 ಅಡಿ ಎತ್ತರದ ಗಾಳಿಯೇ ಇರುತ್ತದೆ. 8,000 ಅಡಿಯಲ್ಲಿ ವಾಯುಭಾರ ಸಮುದ್ರಮಟ್ಟದ ಮುಕ್ಕಾಲು ಪಾಲು ಮಾತ್ರ, ದೇಹದಲ್ಲಿ ಸಿಕ್ಕಿಕೊಂಡ ಗಾಳಿ ಮೂರನೇ ಒಂದು ಪಾಲು ಹಿಗ್ಗುತ್ತದೆ. ಪಕ್ಕೆಲುಬು ಮುರಿದು ಎದೆಗೂಡಿನಲ್ಲಿ ಚೂರು ಗಾಳಿ ಸೇರಿದ್ದರೆ ನೆಲದ ಮೇಲೆ ಸುಮ್ಮನಿದ್ದದ್ದು ಮೇಲೆ ಹೋದಾಗ ಶ್ವಾಸಕೋಶವನ್ನು ಒತ್ತುತ್ತದೆ. ಹಾರುವ ಮುನ್ನವೇ ಎದೆಗೆ ನಳಿಕೆ ಹಾಕಿ ಗಾಳಿ ತೆಗೆಯಬೇಕು. ಗಂಟಲ ನಳಿಕೆಯ ಸುತ್ತಲಿನ ಗಾಳಿ ತುಂಬಿದ ಕಫ್ ಕೂಡ ಹಿಗ್ಗುತ್ತದೆ, 20–30 ಸೆಂ.ಮೀ. ನೀರಿನ ಒತ್ತಡದಲ್ಲಿರುವಂತೆ ಮಾಪಕ ಹಿಡಿದು ನೋಡುತ್ತಲೇ ಇರಬೇಕು. ಎಂಜಿನ್ ಸದ್ದಿನಲ್ಲಿ ಸ್ಟೆತಸ್ಕೋಪ್ ಕತ್ತಿನ ಅಲಂಕಾರವಷ್ಟೆ. ನಳಿಕೆ ಸ್ಥಾನ ತಪ್ಪಿದ್ದನ್ನು ಹೇಳುವುದು ಉಸಿರಿನ ಇಂಗಾಲದ ಡೈಆಕ್ಸೈಡಿನ ಅಲೆ ತೋರಿಸುವ ಕ್ಯಾಪ್ನೋಗ್ರಾಫ್. ಅಲೆ ಒಮ್ಮೆಲೇ ಮಾಯವಾದರೆ ಮೊದಲು ನಳಿಕೆಯನ್ನು ಅನುಮಾನಿಸಿ, ಮೆಲ್ಲಗೆ ಕುಗ್ಗುತ್ತಿದ್ದರೆ ರಕ್ತಪರಿಚಲನೆಯನ್ನು. ನಳಿಕೆ, ಡ್ರಿಪ್ ಕಿತ್ತು ಬರುವ ಅಪಾಯ ಹೆಚ್ಚಿರುವುದು ಸ್ಟ್ರೆಚರ್ ಬದಲಿಸುವಾಗ. ತೀರ್ಥಹಳ್ಳಿಯಿಂದ ಸೋಗಾನೆ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ರೋಗಿಯನ್ನು ಕನಿಷ್ಠ ನಾಲ್ಕು ಸಲ ಎತ್ತಿ ಇಳಿಸಬೇಕು.

ಹೆಲಿಕಾಪ್ಟರಿಗೆ ರನ್‌ವೇ ಬೇಡ, ನಿಜ. ಆದರೆ ಮಳೆಗಾಲದಲ್ಲಿ ಆಗುಂಬೆ, ಹುಲಿಕಲ್ ಘಾಟಿಯ ಮೇಲೆ ಮೋಡ ಕೂತರೆ ಪೈಲಟ್‌ಗೆ ಗುಡ್ಡ ಕಾಣುವುದಿಲ್ಲ. ಅಡಿಕೆಗೆ ಔಷಧಿ ಹೊಡೆಯುವುದೂ ಅದೇ ತಿಂಗಳುಗಳಲ್ಲಿ. ಮರದಿಂದ ಬಿದ್ದವರನ್ನು ಆಗ ಒಯ್ಯುವುದು ರಸ್ತೆಯ ಆಂಬ್ಯುಲೆನ್ಸೇ, ಅಲ್ಲಿಯೂ ಬೇಕಾದದ್ದು ಇದೇ ಏಳು ಅಂಕಿ.

ಎಷ್ಟು ಅಂಕಕ್ಕೆ ಗಂಟೆ ಬಾರಿಸಬೇಕು ಎಂಬುದು ಕಷ್ಟದ ಪ್ರಶ್ನೆ. 100 ರೋಗಿಗಳಲ್ಲಿ 5 ಜನ ದಾರಿಯಲ್ಲಿ ಗಂಭೀರವಾಗಿ ಕೆಡುತ್ತಾರೆ, ನಮ್ಮ ಕೋಷ್ಟಕ ಅವರಲ್ಲಿ 4 ಜನರನ್ನು ಹಿಡಿಯುತ್ತದೆ, ಉಳಿದ 95ರಲ್ಲಿ ಶೇ 20ರಷ್ಟು ಜನಕ್ಕೆ ಸುಮ್ಮನೆ ಕೂಗುತ್ತದೆ ಎಂದುಕೊಳ್ಳಿ. ಒಟ್ಟು 23 ಕೂಗು, ನಿಜವಾದದ್ದು 4. ಒಬ್ಬರಂತೂ ಕೈತಪ್ಪಿ ಹೋದರು. ವಿಮಾನ ಒಂದೇ ಇದ್ದಾಗ ಇದು ದುಬಾರಿ, ಹೆಚ್ಚುವರಿ ನರ್ಸ್ ಒಬ್ಬರನ್ನು ಜೊತೆಗೆ ಕಳಿಸುವುದಷ್ಟೇ ಆದರೆ ಅಗ್ಗ. ಬ್ರಿಟನ್ನಿನ ಆಸ್ಪತ್ರೆ ವಾರ್ಡಿಗೆ ಹೊಂದುವ ಗೆರೆ ಹೊಸನಗರದ ರಸ್ತೆಗೆ ಹೊಂದಬೇಕೆಂದೇನಿಲ್ಲ. ನಮ್ಮ ಗೆರೆ ತಿಳಿಯಬೇಕಾದರೆ ಕಳಿಸಿದವರ ಅಂಕಿಯೂ ಕೊನೆಗೆ ಏನಾಯಿತೆಂಬುದೂ ಒಂದೇ ಹಾಳೆಯ ಮೇಲೆ ಸಿಗಬೇಕು.

ಆರೋಗ್ಯ ಇಲಾಖೆಗೆ ನಮ್ಮ ಕೋರಿಕೆ ಇಷ್ಟೆ: ಜಿಲ್ಲೆಗೆಲ್ಲ ಒಂದೇ ರೆಫರಲ್ ಹಾಳೆ, ಮೂರು ಪ್ರತಿ. ಏಳು ಅಂಕಿ, ಎರಡು ಸಾಲು, ಸಮಯ ಸಹಿತ. ಪಕ್ಕದಲ್ಲಿ ಕೊಟ್ಟ ಮದ್ದು. ಕೆಳಗೆ 48 ಗಂಟೆಯ ನಂತರ ದೊಡ್ಡಾಸ್ಪತ್ರೆಯವರು ಗುರುತು ಹಾಕುವ ಐದು ಚೌಕ: ಗಂಟಲ ನಳಿಕೆ, ರಕ್ತ ಕೊಟ್ಟದ್ದು, ಶಸ್ತ್ರಚಿಕಿತ್ಸೆ, ಹೃದಯಸ್ತಂಭನ, ಸಾವು. ಅದರ ಒಂದು ಪ್ರತಿ ಕಳಿಸಿದ ಆಸ್ಪತ್ರೆಗೆ ವಾಪಸ್ ಬರಬೇಕು. ಕಾಗದ ದಪ್ಪನೆಯದಿರಲಿ, ಬರೆಯುವುದು ಬಾಲ್‌ಪೆನ್ನಿನಲ್ಲಿರಲಿ. ಇಂಕ್ ಪೆನ್ನಿನ ಬರಹ ಆಷಾಢದ ಮಳೆಯಲ್ಲಿ ಆಂಬ್ಯುಲೆನ್ಸ್ ಬಾಗಿಲು ದಾಟುವಷ್ಟರಲ್ಲಿ ಕಲಸಿಹೋಗುತ್ತದೆ.

— ತುರ್ತು ಚಿಕಿತ್ಸಾ ಸಿಬ್ಬಂದಿ, ಶಿವಮೊಗ್ಗ ಜಿಲ್ಲೆ