ನೀರು ತಿಳಿಯಾದ ಮಾತ್ರಕ್ಕೆ ಮೀನು ಬಿಡುವಂತಿಲ್ಲ

ಮಾನ್ಯ ಸಂಪಾದಕರೇ,

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡುವ ಬಗ್ಗೆ ನಿಮ್ಮ ಪತ್ರಿಕೆಯ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಗಾಜಿನ ತೊಟ್ಟಿಯ ಅಳತೆ, ಉಪ್ಪಿನ ಪ್ರಮಾಣ, ಬೆಳಕು, ನೀರಿನ ಓಟ ಇವೆಲ್ಲವನ್ನೂ ಲೇಖಕರು ಅಚ್ಚುಕಟ್ಟಾಗಿ ವಿವರಿಸಿದ್ದಾರೆ. ಆದರೆ ಉಪ್ಪು ಕರಗಿ, ಮರಳು ತಳ ಕಂಡು, ಮೂರು ನಾಲ್ಕು ದಿನಗಳಲ್ಲಿ ನೀರು ತಿಳಿಯಾದ ಕೂಡಲೇ ಮೀನು ಬಿಡಬಹುದು ಎಂಬ ಒಂದು ವಾಕ್ಯವೂ ಅದರಲ್ಲಿದೆ. ಆ ವಾಕ್ಯ ತಪ್ಪು. ಅದನ್ನು ನಂಬಿ ಮೀನು ತಂದವರ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೀನು ತನಗೇ ವಿಷವಾದ ಅಮೋನಿಯಾ ಎಂಬ ದೇಹದ ತ್ಯಾಜ್ಯವನ್ನು ಬಹುಪಾಲು ಕಿವಿರುಗಳ ಮೂಲಕವೇ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಮತ್ತು ಹಿಕ್ಕೆ ಕೊಳೆತಾಗಲೂ ಹುಟ್ಟುವುದು ಅದೇ ಅಮೋನಿಯಾ. ಕಡಲಿನ ಅಗಾಧ ನೀರಿನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ, ನಾಲ್ಕು ಗಾಜುಗಳ ನಡುವೆ ಮಾತ್ರ ಅದಕ್ಕೆ ಹೋಗಲು ದಾರಿಯಿಲ್ಲ. ಅಲ್ಲಿ ಅದನ್ನು ನೈಟ್ರೈಟ್ ಆಗಿಯೂ, ನೈಟ್ರೈಟನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಬದಲಿಸುವುದು ಕಲ್ಲು, ಮರಳು, ಫಿಲ್ಟರಿನ ಸ್ಪಂಜುಗಳ ಮೇಲೆ ಅಂಟಿಕೊಂಡು ಬದುಕುವ ಸೂಕ್ಷ್ಮಜೀವಿಗಳು. ಸಾಮಾನ್ಯ ಬ್ಯಾಕ್ಟೀರಿಯಾಗಳಲ್ಲಿ ಹಲವು ಅರ್ಧ ಗಂಟೆಯೊಳಗೆ ಇಮ್ಮಡಿಯಾಗಬಲ್ಲವು, ಆದರೆ ಈ ಜೀವಿಗಳಿಗೆ ಅರ್ಧ ದಿನ, ಎಷ್ಟೋ ಸಲ ಒಂದು ದಿನಕ್ಕೂ ಹೆಚ್ಚು ಹೊತ್ತು ಬೇಕು. ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಅದು ಇಳಿಯುವಾಗ ನೈಟ್ರೈಟ್ ಏರುತ್ತದೆ, ಕೊನೆಗೆ ಅದೂ ಇಳಿದು ನೈಟ್ರೇಟ್ ಉಳಿಯುತ್ತದೆ. ಅಕ್ವೇರಿಯಂ ಇಡುವವರು ಸೈಕ್ಲಿಂಗ್ ಎನ್ನುವುದು ಇದನ್ನೇ. ಒಣಕಲ್ಲಿನಿಂದ ಆರಂಭಿಸಿದ ತೊಟ್ಟಿಯಲ್ಲಿ ಇದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ, ಕೆಲವೊಮ್ಮೆ 8 ವಾರವೂ ಹಿಡಿಯುತ್ತದೆ. ನೀರಿನ ತಿಳಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ, ಏಕೆಂದರೆ ಅಮೋನಿಯಾಕ್ಕೆ ಬಣ್ಣವಿಲ್ಲ.

ಈ ಸೂಕ್ಷ್ಮಜೀವಿಗಳು ತೊಟ್ಟಿಯ ಬದುಕಿಗೆ ಎಷ್ಟು ಮುಖ್ಯವೆಂಬುದಕ್ಕೆ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕೆನಿಸುತ್ತದೆ. ಅಮೋನಿಯಾವನ್ನೇ ಉಂಡು ಬದುಕುವ, ಬ್ಯಾಕ್ಟೀರಿಯಾಗಳಂತೆ ಕಂಡರೂ ಅವುಗಳಿಂದ ಬೇರೆಯಾದ ಆರ್ಕಿಯಾ ವರ್ಗದ ಸೂಕ್ಷ್ಮಜೀವಿಯೊಂದನ್ನು ವಿಜ್ಞಾನಿಗಳು ಮೊದಲ ಬಾರಿಗೆ ಬೇರ್ಪಡಿಸಿ ಬೆಳೆಸಿದ ವರದಿ 2005ರಲ್ಲಿ ಪ್ರಕಟವಾಯಿತು. ನೈಟ್ರೊಸೊಪ್ಯುಮಿಲಸ್ ಮ್ಯಾರಿಟಿಮಸ್ ಎಂಬ ಆ ಜೀವಿ ಸಿಕ್ಕಿದ್ದು ಆಳ ಸಮುದ್ರದಲ್ಲಲ್ಲ, ಅಮೆರಿಕದ ಸಿಯಾಟಲ್ ಅಕ್ವೇರಿಯಂನ ಉಪ್ಪುನೀರಿನ ತೊಟ್ಟಿಯೊಂದರ ಜಲ್ಲಿಯಲ್ಲಿ. ಹೊಸದಾಗಿ ತೊಳೆದು ಸುರಿದ ನಮ್ಮ ಜಲ್ಲಿಯಲ್ಲಿ ಅಂಥ ಜೀವಿಗಳು ಇನ್ನೂ ನೆಲೆಯೂರಿರುವುದಿಲ್ಲ.

ಸಿಹಿನೀರಿನ ತೊಟ್ಟಿಯಲ್ಲಿ ಹೇಗೋ ನಿಭಾಯಿಸಿದ ಅನುಭವವುಳ್ಳವರು ಉಪ್ಪುನೀರಿನಲ್ಲೂ ಹಾಗೆಯೇ ಆಗುತ್ತದೆಂದು ನಂಬುತ್ತಾರೆ. ಆದರೆ ನೀರಿನಲ್ಲಿರುವ ಅಮೋನಿಯಾದಲ್ಲಿ ಒಂದು ಭಾಗ ಅಮೋನಿಯಂ ರೂಪದಲ್ಲಿರುತ್ತದೆ, ಅದು ಅಷ್ಟು ವಿಷಕಾರಿಯಲ್ಲ. ಉಳಿದ ಭಾಗ ಮಾತ್ರ ಕಿವಿರಿನ ಪೊರೆಯನ್ನು ಸಲೀಸಾಗಿ ದಾಟುವ ನಿಜವಾದ ವಿಷ. ಈ ಎರಡರ ಪಾಲನ್ನು ನಿರ್ಧರಿಸುವುದು ಮುಖ್ಯವಾಗಿ ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆ. ಪಿಎಚ್ 7 ಇರುವ, 25 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರಿನಲ್ಲಿ ಆ ವಿಷದ ಪಾಲು ಸುಮಾರು ಶೇ 0.5 ಮಾತ್ರ. ಕಡಲ ಜೀವಿಗಳಿಗೆ ಬೇಕಾದ 8.2ರ ಆಸುಪಾಸಿನ ಪಿಎಚ್‌ನಲ್ಲಿ ಅದೇ ಉಷ್ಣಾಂಶಕ್ಕೆ ಅದು ಶೇ 7ರ ಹತ್ತಿರ ಹೋಗುತ್ತದೆ. ಅಂದರೆ ಟೆಸ್ಟ್ ಕಿಟ್ ಎರಡೂ ಕಡೆ ಒಂದೇ ಅಂಕಿ ತೋರಿಸಿದರೂ ಉಪ್ಪುನೀರಿನ ಮೀನಿಗೆ ತಗಲುವ ವಿಷ ಹತ್ತು ಪಟ್ಟಿಗೂ ಮಿಗಿಲು. ಸಾಲದೆಂಬಂತೆ ಉಪ್ಪುನೀರಿನಲ್ಲಿ ಕರಗುವ ಆಮ್ಲಜನಕವೂ ಸಿಹಿನೀರಿಗಿಂತ ಸುಮಾರು ಐದನೇ ಒಂದು ಭಾಗ ಕಡಿಮೆ.

ಕೆಲವು ವರ್ಷಗಳ ಹಿಂದೆ ನಾನೂ ಹೊಸ ತೊಟ್ಟಿಗೆ ಆರನೆಯ ದಿನ ಎರಡು ಕ್ಲೌನ್ ಮೀನುಗಳನ್ನು ಬಿಟ್ಟಿದ್ದೆ. ಮಾರಿದವರು ತೊಟ್ಟಿ ಎಷ್ಟು ದಿನದ್ದೆಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೊದಲೆರಡು ದಿನ ಅವು ಚೆನ್ನಾಗಿಯೇ ತಿಂದವು, ನಾನೂ ಸಂತೋಷದಿಂದ ಹಾಕಿದೆ. ಮೂರನೆಯ ದಿನ ಸಂಜೆ ಚಿಕ್ಕ ಮೀನು ಪಂಪಿನ ನೀರು ಬೀಳುವ ಮೂಲೆಯಲ್ಲಿ ಮೇಲ್ಮೈಗೆ ಬಾಯಿ ಹಚ್ಚಿ ನಿಂತಿತ್ತು. ರೆಕ್ಕೆಗಳು ಮೈಗೆ ಅಂಟಿಕೊಂಡಿದ್ದವು. ಕಿವಿರಿನ ಮುಚ್ಚಳ ಎಣಿಸಲಾಗದಷ್ಟು ವೇಗವಾಗಿ ತೆರೆದು ಮುಚ್ಚುತ್ತಿತ್ತು, ತೆರೆದಾಗಲೆಲ್ಲ ಒಳಗಿನ ಕಡುಗೆಂಪು ಕಾಣುತ್ತಿತ್ತು. ಅಮೋನಿಯಾ ಟೆಸ್ಟ್ ಕಿಟ್ಟಿನ ಗಾಜಿನ ನಳಿಕೆಗೆ 5 ಮಿಲಿಲೀಟರ್ ನೀರು ಹಾಕಿ, ಹನಿಗಳನ್ನು ಬಿಟ್ಟು ಕುಲುಕಿ ಇಟ್ಟೆ. ಹಳದಿಯಾಗಿಯೇ ಉಳಿಯಬೇಕಿದ್ದ ನೀರು ನೋಡನೋಡುತ್ತಲೇ ಎಲೆಹಸಿರಾಗಿ, ಮತ್ತೆ ಕಪ್ಪುಹಸಿರಿಗೆ ತಿರುಗಿತು. ರಾತ್ರಿಯೆಲ್ಲ ಹೊಸ ಉಪ್ಪುನೀರು ಕಲಸಿ ಕಲಸಿ ಬದಲಿಸಿದೆ. ಬೆಳಗಿನ ಹೊತ್ತಿಗೆ ಆ ಮೀನು ಕಲ್ಲಿನ ಹಿಂದೆ ಒರಗಿ ಬಿದ್ದಿತ್ತು. ಆಗಲೂ ನೀರು ಕನ್ನಡಿಯಂತೆ ತಿಳಿಯಾಗಿತ್ತು.

ಡ್ಯಾಮ್ಸೆಲ್‌ನಂಥ ಗಟ್ಟಿ ಮೀನುಗಳನ್ನು ಮೊದಲು ಬಿಟ್ಟು, ಅವುಗಳ ಅಮೋನಿಯಾದಿಂದಲೇ ಸೈಕ್ಲಿಂಗ್ ಮುಗಿಸಿಕೊಳ್ಳಬೇಕೆಂದು ಹೇಳುವವರು ಈಗಲೂ ಇದ್ದಾರೆ. ಹಿಂದೆ ಅದು ಎಲ್ಲೆಡೆ ನಡೆದುಬಂದ ರೂಢಿಯೇ ಆಗಿತ್ತು. ನನಗೆ ಇದು ಒಪ್ಪಿಗೆಯಿಲ್ಲ. ಸಾಯದೆ ಉಳಿದ ಮೀನಿಗೆ ನೋವೇ ಆಗಿಲ್ಲವೆಂದು ಅರ್ಥವಲ್ಲ. ಸುಟ್ಟ ಕಿವಿರಿನ ಮೀನು ಮುಂದೆ ಬಿಳಿಚುಕ್ಕೆ ರೋಗದಂಥ ಪರಾವಲಂಬಿಗಳಿಗೆ ಬೇಗ ತುತ್ತಾಗುತ್ತದೆ. ಅಕ್ವೇರಿಯಂಗಾಗಿ ಮಾರಾಟವಾಗುವ ಕಡಲ ಮೀನುಗಳಲ್ಲಿ ಬಹುಪಾಲು ಜಾತಿಗಳನ್ನು ಇವತ್ತಿಗೂ ಹವಳದ ದಿಬ್ಬಗಳಿಂದಲೇ ಹಿಡಿದು ತರಲಾಗುತ್ತದೆ. ಕ್ಲೌನ್ ಮೀನಿನಂಥ ಕೆಲವನ್ನು ಮಾತ್ರ ಸಾಕಣೆಯಲ್ಲಿ ಮರಿ ಮಾಡಿಸುತ್ತಾರೆ. ಅಷ್ಟು ದೂರದಿಂದ ಬಂದ ಜೀವವನ್ನು ನೀರು ಪರೀಕ್ಷಿಸುವ ಸಲಕರಣೆಯಂತೆ ಬಳಸುವುದು ಸರಿಯಲ್ಲ. ಇನ್ನು ಉಳಿದುಕೊಂಡ ಡ್ಯಾಮ್ಸೆಲ್ ಇಡೀ ತೊಟ್ಟಿ ತನ್ನದೆಂದು ತಿಳಿದು ಆಮೇಲೆ ಬಂದ ಮೀನುಗಳನ್ನೆಲ್ಲ ಅಟ್ಟಿಸಿಕೊಂಡು ಹೋಗಿ ಕಚ್ಚುತ್ತದೆ, ಅದನ್ನು ಹಿಡಿಯಬೇಕಾದರೆ ಜೋಡಿಸಿದ ಕಲ್ಲುಗಳನ್ನೆಲ್ಲ ಹೊರತೆಗೆಯಬೇಕಾಗುತ್ತದೆ.

ಮೀನಿಲ್ಲದೆಯೇ ಈ ಕೆಲಸ ಮಾಡಬಹುದು. ಅಮೋನಿಯಂ ಕ್ಲೋರೈಡ್ ದ್ರಾವಣವನ್ನು ಹನಿಹನಿಯಾಗಿ ಸೇರಿಸಿ ಅಮೋನಿಯಾವನ್ನು 2 ಪಿಪಿಎಂಗೆ (ಹತ್ತು ಲಕ್ಷ ಭಾಗಕ್ಕೆ 2 ಭಾಗ) ತಂದು ನಿಲ್ಲಿಸಬೇಕು. ಅದು ಸಿಗದಿದ್ದರೆ ಒಂದು ಚೂರು ಸೀಗಡಿಯನ್ನು ಬಲೆಚೀಲದಲ್ಲಿ ಕಟ್ಟಿ ಕೊಳೆಯಲು ಬಿಟ್ಟರೂ ಆಗುತ್ತದೆ, ಆದರೆ ವಾಸನೆ ಬರುತ್ತದೆ, ಪ್ರಮಾಣವೂ ನಮ್ಮ ಹಿಡಿತದಲ್ಲಿ ಇರುವುದಿಲ್ಲ. ಎರಡು ಮೂರು ದಿನಕ್ಕೊಮ್ಮೆ ಪರೀಕ್ಷಿಸಿ ಅಂಕಿಗಳನ್ನು ಬರೆದಿಡಬೇಕು. ಹಾಕಿದ 2 ಪಿಪಿಎಂ ಅಮೋನಿಯಾ 24 ಗಂಟೆಗಳಲ್ಲಿ ಸೊನ್ನೆಗೆ ಇಳಿದು, ನೈಟ್ರೈಟ್ ಕೂಡ ಸೊನ್ನೆಯಾದ ದಿನ ತೊಟ್ಟಿ ಸಿದ್ಧವಾಯಿತು. ಕಡಲ ನೀರಿನಲ್ಲಿ ಕ್ಲೋರೈಡ್ ಹೇರಳವಾಗಿರುವುದರಿಂದ ನೈಟ್ರೈಟ್ ಕಿವಿರಿನೊಳಗೆ ಸುಲಭವಾಗಿ ಹೋಗಲಾರದು, ಆದ್ದರಿಂದ ಅದನ್ನು ಅಳೆಯುವುದೇ ಬೇಡವೆಂದು ವಾದಿಸುವವರಿದ್ದಾರೆ. ಸಿಹಿನೀರಿನಷ್ಟು ಅಪಾಯವಿಲ್ಲವೆಂಬ ಅವರ ಮಾತು ನಿಜ. ಆದರೂ ನೈಟ್ರೈಟ್ ಏರುತ್ತಿರುವ ತೊಟ್ಟಿಯಲ್ಲಿ ಅದನ್ನು ನೈಟ್ರೇಟ್ ಆಗಿಸುವ ಸೂಕ್ಷ್ಮಜೀವಿಗಳ ಎರಡನೆಯ ಗುಂಪು ಇನ್ನೂ ಬೇರೂರಿಲ್ಲವಾದ್ದರಿಂದ ನಾನಾದರೆ ಕಾಯುತ್ತೇನೆ.

ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾ ದ್ರಾವಣಗಳ ಬಗ್ಗೆಯೂ, ಸೂಕ್ಷ್ಮಜೀವಿಗಳೂ ಸಣ್ಣಪುಟ್ಟ ಜೀವಿಗಳೂ ನೆಲೆಸಿರುವ ಕಡಲ ಕಲ್ಲಾದ ಲೈವ್ ರಾಕ್ ಬಗ್ಗೆಯೂ ಇದೇ ಮಾತು. ಒಳ್ಳೆಯ ದ್ರಾವಣ ದಿನಗಳನ್ನು ಕಡಿಮೆ ಮಾಡಬಲ್ಲದು. ನೆಲೆನಿಂತ ತೊಟ್ಟಿಯಿಂದ ನೀರಿನಲ್ಲಿಟ್ಟುಕೊಂಡೇ ತಂದ ಕಲ್ಲು ಕೆಲವೇ ದಿನಗಳಲ್ಲಿ ಕೆಲಸಕ್ಕೆ ತೊಡಗಬಹುದು. ಆದರೆ ಬಹಳ ಹೊತ್ತು ನೀರಿನ ಹೊರಗೆ ಪ್ರಯಾಣ ಮಾಡಿ ಬಂದ ಲೈವ್ ರಾಕ್‌ನಲ್ಲಿ ಸ್ಪಂಜು ಎಂಬ ಕಡಲ ಜೀವಿಗಳು, ಹುಳುಗಳೆಲ್ಲ ಸತ್ತು ಅದೇ ಅಮೋನಿಯಾದ ಮೂಲವಾಗುತ್ತದೆ. ಲೇಬಲ್ಲಿನ ಮೇಲೆ ಏನೇ ಬರೆದಿರಲಿ, ಟೆಸ್ಟ್ ಕಿಟ್ಟಿನ ನಳಿಕೆ ಹಳದಿಯಾಗಿ ಉಳಿಯುವ ತನಕ ಮೀನು ಬೇಡ.

ಮೀನು ಬೇಡವೆಂದು ಒಪ್ಪಿದವರೂ ಎಡವುವುದು ಬಸವನಹುಳುಗಳ ವಿಷಯದಲ್ಲಿ. ಸೈಕ್ಲಿಂಗ್‌ನ ನಡುವೆ ಮರಳು, ಗಾಜುಗಳ ಮೇಲೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿಯ ಕಂದು ಬಣ್ಣದ ಪೊರೆ ಕಟ್ಟುತ್ತದೆ, ಅದನ್ನು ತಿನ್ನಿಸಲೆಂದು ಬಸವನಹುಳು, ಹರ್ಮಿಟ್ ಏಡಿ, ಸೀಗಡಿಗಳನ್ನು ತರುತ್ತಾರೆ. ಆ ಪೊರೆ ಹೊಸ ತೊಟ್ಟಿಯಲ್ಲಿ ಸಹಜವಾಗಿ ಬಂದು ತಾನಾಗಿಯೇ ಕಡಿಮೆಯಾಗುವಂಥದ್ದು. ಬೆನ್ನೆಲುಬಿಲ್ಲದ ಈ ಜೀವಿಗಳು ಅಮೋನಿಯಾವನ್ನೂ ಲವಣಾಂಶದ ಏರಿಳಿತವನ್ನೂ ತಡೆದುಕೊಳ್ಳಲಾರವು. ಕಡಲ ಹೂವಿನಂತೆ ಕಾಣುವ ಅನಿಮೋನಿ, ನಕ್ಷತ್ರ ಮೀನು, ಕಲ್ಲಿನ ಮೇಲಿನ ಕೋಪೆಪಾಡ್ ಎಂಬ ಅತಿ ಸಣ್ಣ ಜೀವಿಗಳನ್ನೇ ಹೆಕ್ಕಿ ತಿನ್ನುವ ಮ್ಯಾಂಡರಿನ್ ಮೀನು ಇವುಗಳಿಗಂತೂ ಸೈಕ್ಲಿಂಗ್ ಮುಗಿದರೂ ಸಾಲದು, ತೊಟ್ಟಿಗೆ ಆರು ತಿಂಗಳಾದರೂ ಆಗಿರಬೇಕು.

ಸಿದ್ಧವಾದ ತೊಟ್ಟಿಗೂ ಒಮ್ಮೆಲೇ ಐದಾರು ಮೀನು ಬಿಡಬಾರದು. ಒಂದೋ ಎರಡೋ ಬಿಟ್ಟು, ಎರಡು ಮೂರು ವಾರ ಅಮೋನಿಯಾ ಸೊನ್ನೆಯಲ್ಲೇ ನಿಂತಿದೆಯೇ ಎಂದು ನೋಡಿಕೊಂಡು ಮುಂದಿನದನ್ನು ತರಬೇಕು. ದೂರದಿಂದ ಚೀಲದಲ್ಲಿ ಬಂದ ಮೀನಿನ ಬಗ್ಗೆ ಇನ್ನೊಂದು ಎಚ್ಚರಿಕೆಯಿದೆ. ಮುಚ್ಚಿದ ಚೀಲದಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್‌ನಿಂದ ಪಿಎಚ್ ಇಳಿದಿರುತ್ತದೆ, ಆದ್ದರಿಂದ ಅಲ್ಲಿ ಸೇರಿದ ಅಮೋನಿಯಾ ಅಷ್ಟಾಗಿ ಕಾಡುವುದಿಲ್ಲ. ಚೀಲ ಬಿಚ್ಚಿದೊಡನೆ ಪಿಎಚ್ ಏರತೊಡಗಿ ಅದೇ ಅಮೋನಿಯಾ ವಿಷವಾಗುತ್ತದೆ. ಬಿಚ್ಚಿದ ಚೀಲಕ್ಕೆ ತೊಟ್ಟಿಯ ನೀರನ್ನು ಗಂಟೆಗಟ್ಟಲೆ ಹನಿಹನಿಯಾಗಿ ಬಿಡುತ್ತ ಕೂರುವುದು ಇಂಥ ಮೀನಿಗೆ ಕೇಡು. ಮುಚ್ಚಿದ ಚೀಲವನ್ನು ತೊಟ್ಟಿಯಲ್ಲಿ ತೇಲಿಸಿ ಉಷ್ಣಾಂಶ ಸಮವಾದ ಮೇಲೆ, ಲವಣಾಂಶ ಹೊಂದುತ್ತದೆಂದು ಖಾತ್ರಿ ಮಾಡಿಕೊಂಡು, ಚೀಲದ ನೀರು ತೊಟ್ಟಿಗೆ ಬೀಳದಂತೆ ಬಲೆಯಲ್ಲಿ ಬೇಗನೆ ವರ್ಗಾಯಿಸುವುದು ಒಳ್ಳೆಯದು.

ಈಗಾಗಲೇ ಮೀನು ಬಿಟ್ಟಾಗಿದೆ ಎನ್ನುವವರು ಗಾಬರಿಯಾಗಿ ಫಿಲ್ಟರ್ ತೊಳೆಯಲು ಹೋಗಬಾರದು, ಕ್ಲೋರಿನ್ ಇರುವ ನಲ್ಲಿನೀರಿನಲ್ಲಂತೂ ತೊಳೆಯಲೇಬಾರದು, ಏಕೆಂದರೆ ಆಗಷ್ಟೇ ನೆಲೆಯೂರುತ್ತಿರುವ ಸೂಕ್ಷ್ಮಜೀವಿಗಳು ಅದರಲ್ಲೇ ಇವೆ. ಆಹಾರವನ್ನು ಕನಿಷ್ಠಕ್ಕೆ ಇಳಿಸಿ, ಅದೇ ಲವಣಾಂಶ, ಅದೇ ಉಷ್ಣಾಂಶದ ಹೊಸ ನೀರಿನಿಂದ ಕಾಲು ಭಾಗದಿಂದ ಅರ್ಧದವರೆಗೆ ನೀರು ಬದಲಿಸುತ್ತ, ಗಾಳಿಯಾಡುವಿಕೆಯನ್ನು ಹೆಚ್ಚಿಸಬೇಕು. ಅಮೋನಿಯಾವನ್ನು ಕಟ್ಟಿಹಾಕುವ ದ್ರಾವಣ ತುರ್ತಿಗೆ ಒದಗುತ್ತದೆ, ಆದರೆ ಅದನ್ನು ಹಾಕಿದ ಮೇಲೆ ಕೆಲವು ಟೆಸ್ಟ್ ಕಿಟ್‌ಗಳು ತಪ್ಪು ಅಂಕಿ ತೋರಿಸುತ್ತವೆ ಎಂಬುದು ನೆನಪಿರಲಿ. ಎಲ್ಲಕ್ಕಿಂತ ಒಳ್ಳೆಯ ದಾರಿಯೆಂದರೆ, ಹಳೆಯ ತೊಟ್ಟಿ ಇರುವ ಪರಿಚಯದವರಲ್ಲಿ ಆ ಮೀನನ್ನು ಕೆಲವು ವಾರ ಬಿಟ್ಟುಬರುವುದು. ನನ್ನ ಎರಡನೆಯ ಕ್ಲೌನ್ ಮೀನು ಉಳಿದದ್ದು ಹಾಗೆಯೇ.

ಆದ್ದರಿಂದ ಆ ಒಂದು ವಾಕ್ಯಕ್ಕೆ ತಿದ್ದುಪಡಿಯನ್ನು, ಲೇಖನ ಬಂದ ಪುಟದಲ್ಲೇ ಎದ್ದುಕಾಣುವಂತೆ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಮೀನು ಮಾರುವವರೂ ಕೊಳ್ಳಲು ಬಂದವರನ್ನು ತೊಟ್ಟಿಗೆ ಎಷ್ಟು ವಾರವಾಯಿತು, ಅಮೋನಿಯಾ ಎಷ್ಟಿದೆ ಎಂದು ತಪ್ಪದೆ ಕೇಳಲಿ, ಉತ್ತರ ಸಿಗದಿದ್ದರೆ ಆ ದಿನ ಮೀನು ಕೊಡದೆ ಕಳಿಸಲಿ. ಲೇಖನ ಓದಿದ ದಿನವೇ ಯಾರಾದರೂ ತೊಟ್ಟಿಗೆ ನೀರು ತುಂಬಿಸಿದ್ದರೆ ಈ ಹೊತ್ತಿಗೆ ಅದು ತಿಳಿಯಾಗಿರುತ್ತದೆ. ತಿದ್ದುಪಡಿ ಮುಂದಿನ ಪುರವಣಿಯವರೆಗೆ ಕಾಯದೆ ನಾಳೆಯ ಪತ್ರಿಕೆಯಲ್ಲೇ ಬಂದರೆ ಉಪಕಾರವಾಗುತ್ತದೆ.

ಇತಿ,
ನಿಮ್ಮ ಪತ್ರಿಕೆಯ ಓದುಗ